ಮೂರು ಸಲ ಕೇಳಿದ ಮೇಲೆ ಹೆಸರು

ಅಮಾವಾಸ್ಯೆಯ ದಿನ ಘತ್ತರಗಿಗೆ ಹೆಚ್ಚಿನ ಬಸ್ಸು ಬಿಡುತ್ತಾರೆ. ದೇವಿ ಭಾಗ್ಯವಂತಿಗೆ ನಡೆದುಕೊಳ್ಳುವವರು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಿಂದ ಬರುತ್ತಾರೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನದ ಡ್ಯೂಟಿ ಎಂದರೆ ನಮ್ಮ ಡಿಪೋದಲ್ಲಿ ಎಲ್ಲರಿಗೂ ತಲೆನೋವು. ನಾನು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತೇನೆ. ಬೆಳಗಿನ ಜನರನ್ನು ಇಳಿಸಿದ ಮೇಲೆ ವಾಪಸ್ ಹೊರಡಲು ಎರಡೂವರೆ ತಾಸು ಬಿಡುವಿರುತ್ತದೆ. ಡ್ರೈವರಣ್ಣ ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚುತ್ತಾನೆ. ಖಾಲಿ ಬಸ್ಸು, ಬೇವಿನ ನೆರಳು, ಕೆಳಗೆ ಭೀಮಾ ಹೊಳೆ. ಮುಂದಿನ ನಾಲ್ಕು ಸೀಟು ನಮ್ಮದು.

ನಾವು ಎಂದರೆ ನಾಲ್ಕು ಜನ. ಆಳಂದದಲ್ಲಿ ಟೇಪು, ರೇಡಿಯೋ, ಮೊಬೈಲು ಏನು ಕೆಟ್ಟರೂ ಬಿಚ್ಚಿ ಕೂರುವ ಉಸ್ತಾದ್. ಅವರು ಸಂಗೀತದ ಉಸ್ತಾದರಲ್ಲ, ಸ್ಕ್ರೂಡ್ರೈವರಿನ ಉಸ್ತಾದರು. ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರು. ಜೇವರ್ಗಿಯಲ್ಲಿ ತೊಗರಿ ಕೊಂಡು ಮಾರುವ ಅಡತಿ ಅಂಗಡಿ ನಡೆಸುವ ಸಾವ್ಕಾರರು. ನಾಲ್ಕನೆಯವಳು ನಾನು, ಕಂಡಕ್ಟರ್. ಮೂವರೂ ನನ್ನ ಬಸ್ಸಿನಲ್ಲೇ ಒಬ್ಬೊಬ್ಬರಾಗಿ ಸಿಕ್ಕವರು. ಕಿವಿಗೆ ವೈರು ಸಿಕ್ಕಿಸಿಕೊಂಡು, ಟಿಕೆಟ್ ಎಂದು ಕೂಗಿದರೂ ಕೇಳಿಸದೆ, ನನ್ನಿಂದ ಬೈಸಿಕೊಂಡೇ ಪರಿಚಯವಾದವರು. ಅಂಥದ್ದೇನು ಕೇಳುತ್ತಿದ್ದಾರೆಂದು ಆ ವೈರನ್ನು ಒಮ್ಮೆ ನನ್ನ ಕಿವಿಗೆ ಇಟ್ಟುಕೊಂಡೆ ನೋಡಿ, ಅಲ್ಲಿಗೆ ಈ ರೋಗ ನನಗೂ ಅಂಟಿತು.

ತಿಂಗಳಿಗೊಮ್ಮೆ ಒಬ್ಬೊಬ್ಬರು ಹೊಸದಾಗಿ ಸಿಕ್ಕ ಒಂದೊಂದನ್ನು ತರಬೇಕು. ಉಸ್ತಾದ್ ತಾವೇ ಪೆಟ್ಟಿಗೆ ಕಟ್ಟಿ ಮಾಡಿದ ಸ್ಪೀಕರ್ ತರುತ್ತಾರೆ. ಒಮ್ಮೆ ಅವರು ಎಲ್ಲೋ ಮರುಭೂಮಿಯ ದೇಶದ ಗಿಟಾರು ಕೇಳಿಸಿದರು. ಅದು ನಮ್ಮ ಎರೆ ಹೊಲದಲ್ಲಿ ಎತ್ತಿನ ಗಾಡಿ ಹೋಗುವ ನಡಿಗೆಯಲ್ಲೇ ಹೋಗುತ್ತಿತ್ತು. ಮಾಸ್ತರರು ಮರಾಠಿಯಲ್ಲಿ ಜಗಳವಾಡಿದಂತೆ ಪಟಪಟ ಹಾಡುವ ಕಾಲೇಜು ಹುಡುಗಿಯ ಇಡೀ ಆಲ್ಬಂ ತಂದರು. ನನಗೆ ಮರಾಠಿ ಅರ್ಧಂಬರ್ಧ ಬರುತ್ತದೆ, ಆದರೂ ಮೈ ಜುಮ್ಮೆಂದಿತು. ಸಾವ್ಕಾರರು ಹಿಮದ ನಾಡಿನ ಗಂಡಸರು ಒಂದೇ ಗಂಟಲಿನಿಂದ ಒಟ್ಟಿಗೆ ಎರಡು ದನಿ ತೆಗೆಯುವುದನ್ನು ಹಚ್ಚಿದ ದಿನ ಡ್ರೈವರಣ್ಣ ದಡಬಡಿಸಿ ಎದ್ದು, ಇಂಜಿನ್ ಯಾರು ಚಾಲೂ ಮಾಡಿದ್ರು ಎಂದು ಕೇಳಿದ್ದ. ಇಷ್ಟು ದೊಡ್ಡ ಲೋಕ ಇಷ್ಟು ಸಣ್ಣ ಪೆಟ್ಟಿಗೆಯಿಂದ ಹೊರಬಂದು ನಮ್ಮ ಬಸ್ಸಿನಲ್ಲಿ ಸೀಟು ಹಿಡಿದು ಕೂರುತ್ತದಲ್ಲ ಎಂದು ನನಗೆ ಇವತ್ತಿಗೂ ಬೆರಗು.

ನಮ್ಮಲ್ಲಿ ಎರಡು ಕಟ್ಟುಪಾಡು. ಸಿಕ್ಕದ್ದನ್ನು ಸಿಕ್ಕ ಹಾಗೆಯೇ ಮೊದಲು ಕೇಳಿಸಬೇಕು, ತಿದ್ದಿ ತೀಡಿ ತರಬಾರದು. ಇನ್ನೊಂದು, ಮೂರು ಸಲ ಕೇಳಿ ಮುಗಿಯುವ ತನಕ ಹಾಡಿದವರ ಹೆಸರು, ಊರು, ಎಲ್ಲಿ ಸಿಕ್ಕಿತು ಎಂಬುದನ್ನು ಬಾಯಿ ಬಿಡಬಾರದು.

ಈ ಎರಡನೆಯ ಕಟ್ಟು ನಾನು ಹಾಕಿದ್ದು, ಸಿಟ್ಟಿನಲ್ಲಿ. ಮೊದಮೊದಲು ಒಂದು ಅಮಾವಾಸ್ಯೆ ಮಾಸ್ತರರು ಒಬ್ಬ ಹಾಡುಗಾರನ ಹೆಸರು ಹೇಳಿ ಹಾಡು ಹಚ್ಚಲು ಹೊರಟಿದ್ದರು. ಸಾವ್ಕಾರರು ಹೆಸರು ಕೇಳಿದ್ದೇ, "ಓ, ಆ ಮಂದಿದು ಹಾಡಂದ್ರ ಹಿಂಗ ಇರತಾವ ಬಿಡ್ರಿ" ಎಂದುಬಿಟ್ಟರು. ಹಾಡು ಇನ್ನೂ ಶುರುವೇ ಆಗಿರಲಿಲ್ಲ. ಮಾಸ್ತರರದು ಬುದ್ಧನಿಗೆ ನಡೆದುಕೊಳ್ಳುವ ಮನೆತನ. 'ಆ ಮಂದಿ' ಎಂದರೆ ಯಾರೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರು ಮೊಬೈಲು ಜೇಬಿಗೆ ಹಾಕಿಕೊಂಡು ಬಸ್ಸಿಳಿದು ಹೊಳೆಯ ಕಡೆ ನಡೆದರು. ನನ್ನ ನೆತ್ತಿಗೆ ಏರಿತು.

"ಸಾವ್ಕಾರ್ರ, ಹಾಡ ಕೇಳೂಕಿಂತ ಮೊದ್ಲ ತಕ್ಕಡಿ ತೆಗೀತೀರಲ್ಲ! ಇದು ನಿಮ್ಮ ಅಡತಿ ಅಂಗಡಿ ಅಲ್ರಿ, ನನ್ನ ಬಸ್ಸು. ಇಳೀರಿ ಕೆಳಗ. ಅವರನ್ನ ಕರಕೊಂಡ ಬಂದರ ಹತ್ರಿ, ಇಲ್ಲಾಂದ್ರ ಹಂಗ ನಡಕೋತ ಜೇವರ್ಗಿಗೆ ಹೋಗ್ರಿ."

ಮನುಷ್ಯ ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡು ಇಳಿದು ಹೋದರು. ದಡದಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಿಲ್ಲ, ಅರ್ಧ ತಾಸಿಗೆ ಜೊತೆಯಲ್ಲಿ ಬಂದರು. ಅಂದಿನಿಂದ ಮೊದಲು ಕಿವಿ, ಆಮೇಲೆ ಹೆಸರು. ಈ ಬರಹದಲ್ಲೂ ಅದೇ ಕಟ್ಟು ಪಾಲಿಸುತ್ತಿದ್ದೇನೆ.

ಸಾವ್ಕಾರರ ಬಗ್ಗೆ ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಅವರಷ್ಟು ಹಸಿದು ಹಾಡು ಕೇಳುವವರನ್ನು ನಾನು ಕಂಡಿಲ್ಲ, ಆದರೆ ಅವರ ಮನೆಯಲ್ಲಿ ಹಾಡು ಹಚ್ಚುವಂತಿಲ್ಲ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆ. ಪಡಸಾಲೆಯ ಮಂಚದ ಮೇಲೆ ಎಂಬತ್ತು ದಾಟಿದ ತಂದೆ ಕೂತಿರುತ್ತಾರೆ. ಎಲ್ಲಿಂದಾದರೂ ಒಂದು ಎಳೆ ಹಾಡು ಕಿವಿಗೆ ಬಿದ್ದರೆ "ಸಾಕಿನ್ನ" ಎನ್ನುತ್ತಾರಂತೆ, ಅಷ್ಟೇ. ಮನೆಯವರೆಲ್ಲ ಅವರನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ.

"ನಮ್ಮಪ್ಪಗ ಕಿವೀನ ಇಲ್ರಿ ಅಕ್ಕಾ, ಕಲ್ಲು" ಎಂದು ಸಾವ್ಕಾರರು ಒಮ್ಮೆ ಹೇಳಿದ್ದರು. "ನಾ ಸಾಲ್ಯಾಗ ಹಾಡಿ ಬಹುಮಾನ ತಗೊಂಡು ಮನಿಗೆ ಓಡಿ ಬಂದಿದ್ದೆ. ಹಾಡಿ ತೋರಸ್ತೇನಿ ಅಂತ ಬಾಯಿ ತೆಗದೆ. ಸಾಕಿನ್ನ ಅಂದ್ರು. ಅವತ್ತ ನಿಂತದ್ದರಿ ನನ್ನ ಹಾಡು." ಐವತ್ತೈದು ವರ್ಷದ ಗಂಡಸು, ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಟಿಕೆಟನ್ನು ಸುತ್ತಿ ಸುತ್ತಿ ಕಡ್ಡಿ ಮಾಡಿದ್ದರು. ತಂದೆಯ ಊಟ, ಔಷಧ ಎಲ್ಲ ತಾವೇ ನೋಡುತ್ತಾರೆ. ಆದರೆ ಮನಸ್ಸು ಬಿಚ್ಚಿ ಒಂದು ಮಾತು ಆಡಿದ್ದು ಅವರಿಗೇ ನೆನಪಿಲ್ಲ.

ಇರಲಿ. ಒಂದು ಅಮಾವಾಸ್ಯೆ ಉಸ್ತಾದರ ಸರದಿ. ಅವರು ಪೆಟ್ಟಿಗೆಗೆ ಮೊಬೈಲು ಸಿಕ್ಕಿಸಿ, "ಇದು ಎಲ್ಲಾಕಿಂತ ಹೊಸಾದು. ನಂಗ ಸಿಕ್ಕು ನಾಕ ದಿನ ಆಗ್ಯಾದ" ಎಂದಷ್ಟೇ ಹೇಳಿ ಗುಂಡಿ ಒತ್ತಿದರು.

ಮೊದಲು ಹಳೇ ಕ್ಯಾಸೆಟ್ಟಿನ ಸರಸರ. ಆಮೇಲೆ ಏಕತಾರಿ. ಅದರ ಜೊತೆಗೆ ಭಜನೆಯ ತಾಳ. ಒಂದು ಪೆಟ್ಟು 'ಝಣ್' ಎಂದು ಸ್ವಚ್ಛ, ಮರುಪೆಟ್ಟು 'ಝರ್' ಎಂದು ಒಡಕು. ಆಮೇಲೆ ಆ ಹೆಣ್ಣುದನಿ. ಹೊಳೆಯನ್ನು ನಿಲ್ಲಿಸಿ ನಿನ್ನದು ಆಚೆ ದಡವೋ ಈಚೆ ದಡವೋ ಎಂದು ಕೇಳುವ ತತ್ವದ ಹಾಡು. ಶುರುವಿನಲ್ಲಿ ತಲೆಯ ಮೇಲಿನ ಹೊರೆ ಇಳಿಸಿ ಉಸಿರು ಬಿಟ್ಟ ನಡುವಯಸ್ಸಿನ ಹೆಣ್ಣಿನ ದನಿ. ಸಾಲು ಸಾಲಿಗೆ ಅದು ಏರಿತು. ಏರಿತು ಎಂದರೆ ಮೇಲಿನ ಸ್ವರಕ್ಕೆ ಹೋಗಿ ಇಳಿದು ಬರುವುದಲ್ಲ, ನಿಂತ ನೆಲವೇ ಮೇಲೇರಿದ ಹಾಗೆ. ಶ್ರುತಿಯೇ ಏರುತ್ತಿತ್ತು, ಏಕತಾರಿಯೂ ಅವಳ ಜೊತೆಗೆ ಏರುತ್ತಿತ್ತು, ಲಯವೂ ಓಡುತ್ತಿತ್ತು. ಕೊನೆಯ ಚರಣಕ್ಕೆ ಬರುವಾಗ ಹಾಡುವವಳು ಹನ್ನೆರಡು ವರ್ಷದ ಹುಡುಗಿಯಾಗಿದ್ದಳು. ಒಂದೇ ಹಾಡಿನಲ್ಲಿ ಒಂದು ಹೆಣ್ಣು ತನ್ನ ವಯಸ್ಸನ್ನೆಲ್ಲ ಕಳಚಿಟ್ಟು ಹೋಗಿದ್ದಳು. ಕಟ್ಟಕಡೆಗೆ ಹಕ್ಕಿ ಚಿಂವ್ ಎಂದಂತೆ ಏನೋ ಸದ್ದು, ಆಮೇಲೆ ಖಾಲಿ.

ಸಾವ್ಕಾರರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಮೂರು ಸಲ ಕೇಳಿದೆವು. ಮೂರನೆಯ ಸಲಕ್ಕೆ ಡ್ರೈವರಣ್ಣನೂ ಮುಂದೆ ಬಂದು ಮೆಟ್ಟಿಲ ಮೇಲೆ ಕೂತಿದ್ದ.

"ಈಗ ಹೆಸರು ಹೇಳ್ರಿ" ಎಂದೆ.

"ಅದ ಗೊತ್ತಿಲ್ಲ ನೋಡ್ರಿ ಅಕ್ಕಾ" ಎಂದರು ಉಸ್ತಾದ್. ಹಳೇ ಟೇಪುಗಳನ್ನು ಬಿಚ್ಚಿ ಮೋಟರು, ಹೆಡ್ಡು ತೆಗೆದಿಟ್ಟುಕೊಳ್ಳುವಾಗ ಒಳಗೆ ಸಿಕ್ಕಿಬಿದ್ದ ಕ್ಯಾಸೆಟ್ಟುಗಳನ್ನು ಅವರು ಒಂದು ಬಿಸ್ಕೀಟಿನ ಡಬ್ಬಿಗೆ ಎಸೆಯುತ್ತಾರೆ. ಅದರಲ್ಲಿ ಇದೊಂದು. ಮೇಲೆ ಚೀಟಿಯಿಲ್ಲ. ಯಾವ ಟೇಪಿನಿಂದ ಬಂದದ್ದೋ ನೆನಪಿಲ್ಲ.

ಮೂರು ತಿಂಗಳು ನಮಗೆ ಅವಳದೇ ಧ್ಯಾನ. ಶ್ರುತಿ ಏರಿದ್ದು ಹೇಗೆ ಎಂದು ಎಷ್ಟು ವಾದ! ಹಾಡುತ್ತಲೇ ಏಕತಾರಿಯ ಬಿರಡೆ ತಿರುವುತ್ತಾಳೆ ಎಂದರು ಮಾಸ್ತರರು. ಮೊದಲು ತಾಯಿ ಹಾಡಿದ್ದಾಳೆ, ನಡುವೆ ಮಗಳು ಎತ್ತಿಕೊಂಡಿದ್ದಾಳೆ, ದನಿ ಕೂಡಿದ ಜಾಗ ಗೊತ್ತಾಗದ ಹಾಗೆ ಹೆಣೆದಿದ್ದಾರೆ ಎಂದರು ಸಾವ್ಕಾರರು. ಭಜನೆ ಎಂದ ಮೇಲೆ ಕೊನೆಕೊನೆಗೆ ಲಯ ಏರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ, ಅದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಿವಿ ಇರುವವರೆಂದು ನಮಗೆ ನಮ್ಮ ಬಗ್ಗೆಯೇ ಇದ್ದ ಜಂಬವೂ ಸ್ವಲ್ಪ ಕಾರಣ.

ನನ್ನ ಜಂಬವನ್ನಂತೂ ಕೇಳಲೇಬೇಡಿ. ಹಾಡಿನ ನಡುವೆ ದೂರದಲ್ಲಿ ಒಂದು ಬಸ್ಸು ನಿಂತ ಸದ್ದು, ಸೀಟಿ, ಆಮೇಲೆ "ಮಟಕಿ, ಮಟಕಿ! ಇಳೀರಿ ಜಲ್ದಿ" ಎಂಬ ಕೂಗು. ಹೆಂಗಸಿನ ಕೂಗು! ಕ್ಯಾಸೆಟ್ಟಿನ ಕಾಲದಲ್ಲೇ ನಮ್ಮ ದಾರಿಯಲ್ಲಿ ನನ್ನಂಥ ಒಬ್ಬ ಕಂಡಕ್ಟರಮ್ಮ ಇದ್ದಳು ಎಂದು ನಾನು ಡಿಪೋ ತುಂಬ ಹೇಳಿಕೊಂಡು ತಿರುಗಿದೆ. ಹಿರಿಯ ಡ್ರೈವರೊಬ್ಬರು, "ಆಗ ಎಲ್ಲಿ ಹೆಣ್ಮಕ್ಕಳಬೇ? ನಾ ನೋಡೇ ಇಲ್ಲ" ಎಂದಾಗ, ನಿಮಗೆ ಕಣ್ಣಿರಲಿಲ್ಲ ಬಿಡಿ ಎಂದು ಜಗಳ ಬೇರೆ ಆಡಿದೆ.

ಆ ಕೂಗಿನ ಜಾಡು ಹಿಡಿದು ಒಂದು ರಜೆಯ ದಿನ ಆಳಂದ ತಾಲ್ಲೂಕಿನ ಮಟಕಿ ಊರಿಗೆ ಹೋದೆ. ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಕಟ್ಟೆ ಇದೆ, ಹಿಂದೆ ಅಲ್ಲಿ ಭಜನೆ ಕೂರುತ್ತಿತ್ತಂತೆ. ಕಟ್ಟೆಯ ಹಿಂದಿನ ಓಣಿಯಲ್ಲಿ, ಬಾಗಿಲ ಮೇಲೆ ಬುದ್ಧನ ಪಟವಿದ್ದ ಮನೆಯ ಮುಂದೆ ವಯಸ್ಸಾದ ಆಯಿಯೊಬ್ಬಳು ಜೋಳ ಹಸನು ಮಾಡುತ್ತಿದ್ದಳು. ಮೊಬೈಲು ಅವಳ ಕಿವಿಯ ಹತ್ತಿರ ಹಿಡಿದೆ. ಮೊರ ಕೆಳಗಿಟ್ಟಳು.

"ಹಾಡು ನಮ್ಮ ಭಜನಿ ಕಟ್ಟೀದ. ಈ ಹೆಣ್ಮಗಳು ಯಾಕಿನೋ ಗೊತ್ತಿಲ್ಲವಾ. ಆಗ ಹೆಣ್ಮಕ್ಕಳು ಕಟ್ಟಿ ಮ್ಯಾಲ ಕುಂದರತಿರಲಿಲ್ಲ." ಇನ್ನೊಮ್ಮೆ ಹಚ್ಚು ಎಂದಳು. ತಲೆ ಓರೆ ಮಾಡಿ ಕೇಳಿದಳು. "ತಾಳ ಮಾತ್ರ ನಮ್ಮ ಮನಿಯವರದ. ಝರ್ ಅಂತದಲ್ಲ, ಅದು ಸೀಳಿದ ತಾಳ. ಹೊಸಾದು ತಗೋರಿ ಅಂದರ ಕೇಳ್ಲಿಲ್ಲ, ಅದರಾಗ ಬಾರಿಸ್ಕೋತ ಹೋಗಿಬಿಟ್ರು. ಆದರ ಇದು ಯಾಕ ಇಷ್ಟ ಸಣ್ಣಗ ಅಳತದ?"

ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿಟ್ಟ ತಾಳ ತಂದಳು. ತನ್ನ ಕೈಯಿಂದಲೇ ಬಾರಿಸಿದಳು. ಝಣ್, ಝರ್. ಅದೇ ಒಡಕು, ಅದೇ ನಡುಕ. ಆದರೆ ಮೊಬೈಲಿನಲ್ಲಿದ್ದದ್ದಕ್ಕಿಂತ ಎಷ್ಟೋ ಕೆಳಗೆ, ದಪ್ಪಗೆ.

ನಾನು ಅಲ್ಲೇ ಜೋಳದ ಪಕ್ಕ ಕೂತುಬಿಟ್ಟೆ. ಗಂಟಲು ಏರಬಹುದು, ತಂತಿ ಏರಬಹುದು. ಕಂಚು ಏರುವುದೆಂದರೇನು? ಆ ತಾಳವನ್ನು ಬಾರಿಸಿ ರೆಕಾರ್ಡ್ ಮಾಡಿ ಉಸ್ತಾದರಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನು ಬಂತು.

"ಅಕ್ಕಾ, ನನ್ನ ಕೆರ ತಗೊಂಡು ನನಗ ಹೊಡೀರಿ!" ಉಸ್ತಾದರು ಕೂಗುತ್ತಿದ್ದರು. "ಸೆಲ್ಲು! ಸೆಲ್ಲು ಮುಗ್ಯಾಕತ್ತಿತ್ರಿ!"

ಅವರು ಬಿಡಿಸಿ ಹೇಳಿದ್ದು ಇಷ್ಟು. ಸೆಲ್ಲು ಹಾಕಿ ರೆಕಾರ್ಡ್ ಮಾಡುವಾಗ ಸೆಲ್ಲು ಸಾಯುತ್ತ ಬಂದರೆ ಟೇಪು ನಿಧಾನವಾಗಿ ತಿರುಗುತ್ತದೆ. ಅದನ್ನೇ ಆಮೇಲೆ ಕರೆಂಟಿಗೆ ಹಾಕಿ ಸರಿಯಾದ ವೇಗದಲ್ಲಿ ಕೇಳಿದರೆ ದನಿ ಓಡುತ್ತದೆ, ತೆಳ್ಳಗಾಗುತ್ತದೆ. ಸೆಲ್ಲು ಎಷ್ಟೆಷ್ಟು ಸಾಯುತ್ತದೋ ದನಿ ಅಷ್ಟಷ್ಟು ಎಳೆಯದಾಗುತ್ತದೆ. ದಿನಾ ಟೇಪು ಬಿಚ್ಚುವ ಉಸ್ತಾದರಿಗೂ, ಮಕ್ಕಳಿಗೆ ವಿಜ್ಞಾನ ಹೇಳುವ ಮಾಸ್ತರರಿಗೂ ಇದು ಹೊಳೆದಿರಲಿಲ್ಲ. ನನ್ನ ಕಂಡಕ್ಟರಮ್ಮನೂ ಅಲ್ಲಿಗೆ ಮೀಸೆಯ ಕಂಡಕ್ಟರಾದಳು. ಹಿರಿಯ ಡ್ರೈವರರ ಹತ್ತಿರ ಹೋಗಿ ಕ್ಷಮೆ ಕೇಳುವುದು ನನಗೆ ಬಹಳ ಕಷ್ಟವಾಯಿತು.

ಮುಂದಿನ ಅಮಾವಾಸ್ಯೆಗೆ ಉಸ್ತಾದರು ಹಾಡನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಬಂದರು. ನಾನು ಕಳಿಸಿದ್ದ ಆಯಿಯ ತಾಳದ ರೆಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಕ್ಯಾಸೆಟ್ಟಿನ ಒಂದೊಂದು ಝಣ್ ಅದಕ್ಕೆ ಕೂಡುವ ತನಕ ತುಂಡು ತುಂಡಾಗಿ ವೇಗ ತಗ್ಗಿಸಿದ್ದರು. ಹದಿನೈದು ದಿನದ ಕೆಲಸ. ಬಸ್ಸಿನಲ್ಲಿ ಗುಂಡಿ ಒತ್ತಿದರು.

ಗಂಡುದನಿ. ಅಗಲವಾದ, ಅವಸರವೇ ಇಲ್ಲದ, ಎರೆ ಮಣ್ಣಿನಷ್ಟು ಒತ್ತಾದ ದನಿ. ಎಲ್ಲಿಯೂ ಏರಲಿಲ್ಲ, ಓಡಲಿಲ್ಲ. ನಾವು ಕಳೆದುಕೊಂಡ ಹುಡುಗಿಗಾಗಿ ಅಳುವುದೋ ಸಿಕ್ಕ ಗಂಡಸಿಗಾಗಿ ಹಿಗ್ಗುವುದೋ ಗೊತ್ತಾಗದೆ ಕೂತೆವು. ಹೊಳೆಯನ್ನು ದಡ ಯಾವುದೆಂದು ಕೇಳುವ ಆ ಸಾಲು ಬಂದಾಗ ಮಾಸ್ತರರು ತಮಗೆ ಗೊತ್ತಿಲ್ಲದೆ ಎದ್ದು ನಿಂತಿದ್ದರು. ಇಂಥ ದನಿ ನಮ್ಮ ಮಣ್ಣಿನಲ್ಲಿ ಇತ್ತು, ನಮಗೆ ಗೊತ್ತೇ ಇರಲಿಲ್ಲ.

ಹಾಡು ಮುಗಿಯಿತು. ಕೊನೆಯಲ್ಲಿ ಹಕ್ಕಿಯ ಚಿಂವ್ ಎಂದುಕೊಂಡಿದ್ದೆವಲ್ಲ, ಆ ಸದ್ದು ಈಗ ಬಿಡಿಸಿಕೊಂಡು ಮಾತಾಯಿತು. ಹಾಡಿದವರು ಗಂಟಲು ಸರಿಮಾಡಿಕೊಂಡು ಹೇಳಿದ್ದರು: "ಸಾಕಿನ್ನ."

ಸಾವ್ಕಾರರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. ಮುಖದ ಬಣ್ಣ ಇಳಿದಿತ್ತು. "ಅದೊಂದ ಮಾತು ಇನ್ನೊಮ್ಮೆ ಹಚ್ರಿ" ಎಂದರು. ಹಚ್ಚಿದರು. ಇನ್ನೊಮ್ಮೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಎರಡ ವರ್ಷದ ಹಿಂದ ನಿಮ್ಮ ಬಸ್ಸಿನಾಗ ಉಸ್ತಾದರಿಗೆ ಒಂದು ಗೋಣಿಚೀಲ ಕೊಟ್ಟ ಕಳಿಸಿದ್ನಲ್ರಿ ಅಕ್ಕಾ. ಹಳೇ ಟೇಪು. ಅಪ್ಪ ಅದರಾಗ ರೇಡಿಯೋದ ವಾರ್ತಾ ಅಷ್ಟ ಕೇಳತಿದ್ರು. ಕ್ಯಾಸೆಟ್ಟಿನ ಬಾಗ್ಲ ಜಾಮ್ ಆಗ್ಯಾದ ಅಂತಿದ್ರು. ಯಾರಿಗೂ ಮುಟ್ಟಾಕ ಕೊಡತಿರಲಿಲ್ಲ. ರೇಡಿಯೋನೂ ಕೆಟ್ಟ ಮ್ಯಾಲ ಅವರಿಗೆ ಹೇಳದ ನಾನ ಚೀಲಕ್ಕ ಹಾಕಿದ್ದೆ."

ನೆನಪಾಯಿತು. ಅದಕ್ಕೆ ಲಗೇಜ್ ಟಿಕೆಟ್ ಹರಿದವಳು ನಾನೇ. ನನ್ನ ಸೀಟಿನ ಕೆಳಗೇ ಇಟ್ಟುಕೊಂಡು ಹೋಗಿದ್ದೆ.

ಮುಂದಿನ ರಜೆಗೆ ಮತ್ತೆ ಮಟಕಿಗೆ ಹೋಗಿ ಆಯಿಗೆ ಗಂಡುದನಿ ಕೇಳಿಸಿದೆ. ಒಂದೇ ಸಾಲಿಗೆ ಗುರುತು ಹಿಡಿದಳು. "ಅಯ್ಯ, ತೊಗರಿ ಖರೀದಿಗೆ ಬರತಿದ್ರಲ್ಲ, ಜೇವರ್ಗಿ ಸಾವ್ಕಾರ್ರು! ವ್ಯಾಪಾರ ಮುಗಿಸಿ ನಮ್ಮ ಮನಿಯವರ ಮಗ್ಗಲ ಕುಂತು ಹಾಡತಿದ್ರು. ಒಂದ ತಾಟಿನ್ಯಾಗ ಉಂಡಾರ ಇಬ್ರೂ. ಒಮ್ಮಿ ಟೇಪು ತಂದು ಹಾಡ ತುಂಬಕೊಂಡು ಹೋದ್ರು. ಹೋದವರು ತಿರುಗಿ ಬರಲೇ ಇಲ್ಲ." ತಾಳದ ಅರಿವೆಯ ಗಂಟು ಬಿಚ್ಚುತ್ತ, ಕಟ್ಟುತ್ತ ಹೇಳಿದಳು. "ನಮ್ಮವರು ಬಾಳ ವರ್ಷ ಹಾದಿ ನೋಡಿದ್ರು. ಆಮ್ಯಾಲ ಅಂದ್ರು, ಬಿಡು, ನಮ್ಮ ಓಣಿಗೆ ಬರೂದು ಅವರಿಗೆ ನಾಚಿಕಿ ಆಗಿರಬೇಕು. ಅದ ಮಾತು ಮನಸ್ಸಿನ್ಯಾಗ ಇಟಗೊಂಡ ಹೋದ್ರು."

ತಾಳ ಕೇಳಿದೆ. ವಾಪಸ್ ತಂದುಕೊಡಬೇಕು ಎಂದು ಎರಡು ಸಲ ಹೇಳಿಯೇ ಕೊಟ್ಟಳು.

ಒಂದು ಮಧ್ಯಾಹ್ನ ನಾಲ್ವರೂ ಜೇವರ್ಗಿಯ ಆ ಪಡಸಾಲೆಯಲ್ಲಿ ಕೂತೆವು. ಉಸ್ತಾದರ ಪೆಟ್ಟಿಗೆ ಕಂಡಿದ್ದೇ ಸೊಸೆಯಂದಿರು ಬಾಗಿಲಲ್ಲಿ ಗುಂಪಾದರು. ತಮ್ಮ ಮನೆಯಲ್ಲಿ ಸಾವ್ಕಾರರು ಮೊದಲ ಸಲ ಹಾಡು ಹಚ್ಚಿಸುತ್ತಿದ್ದರು. ಮುತ್ಯಾ ಮಂಚದ ಮೇಲೆ ಗೋಡೆಗೆ ಒರಗಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು.

ನಮ್ಮ ಕಟ್ಟಿನಂತೆ ಸಿಕ್ಕ ಹಾಗೆಯೇ ಮೊದಲು ಕೇಳಿಸಿದೆವು. ಆ ಹೆಣ್ಣುದನಿ. ನಾವು ಎಷ್ಟು ಮೆಚ್ಚಿದ್ದೆವು ಎಂದು ತಿಳಿದರೆ ಅವರಿಗೆ ಸಂತೋಷವಾಗುತ್ತದೆ ಎಂದು ನಾನೇ ಹಟ ಹಿಡಿದಿದ್ದೆ. ನನ್ನ ಬುದ್ಧಿಗೆ ಏನೆನ್ನಲಿ! ಎರಡನೆಯ ಸಾಲು ಮುಗಿಯುವ ಮೊದಲೇ ಮುತ್ಯಾನ ಮುಖ ಕಲ್ಲಾಯಿತು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ಸಾಕಿನ್ನ! ಬಂದ್ ಮಾಡ್ರಿ ಅದನ್ನ!"

ಉಸ್ತಾದರು ನಿಲ್ಲಿಸಿದರು. ಮುತ್ಯಾ ಕಿವಿಯಿಂದ ಕೈ ಇಳಿಸಿ, ಮಗನನ್ನು ನೋಡದೆ ನೆಲಕ್ಕೆ ಹೇಳಿದರು.

"ಅವತ್ತೂ ಇದ ಪಡಸಾಲ್ಯಾಗ ಹಚ್ಚಿದ್ದೆ. ಕರೆಂಟಿಗೆ ಹಾಕಿ, ಮನೀ ಮಂದಿನೆಲ್ಲಾ ಕರದು ಕುಂದ್ರಿಸಿ. ನೀ ಅಷ್ಟ ನಿಮ್ಮವ್ವನ ಜೋಡಿ ಆಕಿ ತವರಿಗೆ ಹೋಗಿದ್ದಿ. ನನ್ನ ದನಿ ನಾ ಎಂದೂ ಕೇಳಿರಲಿಲ್ಲ. ಇದು ಬಂತು. ನಮ್ಮಪ್ಪ ನಕ್ಕ. ಅಣ್ಣತಮ್ಮರು ಬಿದ್ದ ಬಿದ್ದ ನಕ್ರು. ಹೆಂಗಸಿನಂಗ ಹಾಡಾಕ ಮಟಕಿಗೆ ಹೋಗತೀಯೇನಲೇ ಅಂದ್ರು. ಯಂತ್ರ ಸುಳ್ಳ ಹೇಳತದೇನು? ನನ್ನ ದನಿನ ಹಿಂಗ ಅದ, ಮಟಕಿ ಮಂದಿ ಇಷ್ಟ ದಿನ ನನ್ನ ಮುಖಾ ನೋಡಿ ಸುಮ್ಮನಿದ್ರು ಅಂತ ತಿಳಕೊಂಡೆ. ಮತ್ತ ಯಾವ ಮುಖಾ ತಗೊಂಡು ಅಲ್ಲಿ ಹೋಗಲಿ? ಬಾಗ್ಲ ಮುಚ್ಚಿ ಜಾಮ್ ಆಗ್ಯಾದ ಅಂದೆ."

ಮೂರು ತಿಂಗಳು ನಾವು ಬೆರಗಾಗಿ ಕೂತ ಅದೇ ತಪ್ಪು, ಒಬ್ಬ ಮನುಷ್ಯನ ಬಾಯಿಯನ್ನು ಇಡೀ ಆಯುಷ್ಯ ಹೊಲಿದುಬಿಟ್ಟಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ, ಒಂದು ಜೋಡಿ ಸೆಲ್ಲಿನ ಮೇಲೆ ಸಿಟ್ಟು ಮಾಡುವುದು ಹೇಗೆ?

ಉಸ್ತಾದರು ಸೆಲ್ಲಿನ ಲೆಕ್ಕ ಹೇಳಹೊರಟರು. ಮುತ್ಯಾ ತಲೆ ಎತ್ತಲಿಲ್ಲ. ಆಗ ನಾನು ಚೀಲದಿಂದ ಆ ಅರಿವೆಯ ಗಂಟು ತೆಗೆದು ಅವರ ತೊಡೆಯ ಮೇಲಿಟ್ಟೆ. ಬಿಚ್ಚಿದರು. ಬೆರಳಿಂದ ಸೀಳು ಸವರಿದರು. ಬಾರಿಸಿದರು. ಝಣ್, ಝರ್.

"ಟೇಪಿನಾಗ ಇದೂ ಸಣ್ಣಗ ಅಳತದ, ಕೇಳ್ರಿ ಮುತ್ಯಾ" ಎಂದೆ. "ಕಂಚು ಹೆಂಗಸಿನ ದನಿ ತಗೀತದೇನ್ರಿ?"

ಉಸ್ತಾದರು ಹಳೆಯದರ ಒಂದೇ ಒಂದು ಪೆಟ್ಟು ಕೇಳಿಸಿದರು. ಮುತ್ಯಾ ಕೈಯಲ್ಲಿದ್ದದ್ದನ್ನು ಬಾರಿಸಿದರು. ಮತ್ತೆ ಅದು, ಮತ್ತೆ ಇದು. ನಾಲ್ಕನೆಯ ಸಲಕ್ಕೆ ಅವರ ಬಾಯಿ ಸ್ವಲ್ಪ ತೆರೆಯಿತು. ಆಗ ಉಸ್ತಾದರು ವೇಗ ತಗ್ಗಿಸಿದ ಇನ್ನೊಂದನ್ನು ಹಚ್ಚಿದರು.

ತನ್ನ ದನಿಯನ್ನು ಮೊದಲ ಸಲ ಕೇಳುತ್ತಿರುವ ಎಂಬತ್ತು ದಾಟಿದ ಮುಖವನ್ನು ನಾನು ನೋಡಿದೆ. ಅದನ್ನು ಬರೆಯಲು ನನಗೆ ಬರುವುದಿಲ್ಲ. ಕೈ ತಾನಾಗಿಯೇ ತಾಳ ಹಿಡಿಯಿತು, ಒಳಗಿನ ತಾಳಕ್ಕೆ ಹೊರಗಿನ ತಾಳ ಕೂಡಿತು, ಒಂದು ಕೂದಲೆಳೆಯೂ ಹಿಂದೆ ಮುಂದೆ ಇಲ್ಲ. ಸಾವ್ಕಾರರು ಮಂಚದ ಕೆಳಗೆ ಕೂತು ತಂದೆಯ ಮೊಣಕಾಲಿಗೆ ಹಣೆ ಹಚ್ಚಿದ್ದರು.

"ಅಪ್ಪಾ, ಆ ಹೆಣ್ಣದನಿ ಕೇಳಿನೂ ನಾ ಅತ್ತೇನಿ. ಯಾರದಂತ ಗೊತ್ತಿಲ್ದನ ಅತ್ತೇನಿ" ಎಂದರು. ಮುತ್ಯಾ ತಾಳ ಬಿಡದೆಯೇ ಮೊಣಕೈಯಿಂದ ಮಗನ ತಲೆಯನ್ನು ತಮ್ಮ ಕಡೆ ಒತ್ತಿಕೊಂಡರು.

ಮೂರು ಸಲ ಕೇಳಿದೆವು. ಮೂರನೆಯದು ಮುಗಿದ ಮೇಲೆ ಕಟ್ಟಿನಂತೆ ಕೇಳಬೇಕಾದದ್ದನ್ನು ಮಾಸ್ತರರೇ ಕೇಳಿದರು.

"ಯಾರ್ರಿ ಮುತ್ಯಾ ಹಾಡಿದವರು?"

"ನಾ" ಎಂದರು ಮುತ್ಯಾ. ಮತ್ತೆ, ಇನ್ನಷ್ಟು ಗಟ್ಟಿಯಾಗಿ, ಬಾಗಿಲಲ್ಲಿ ನಿಂತವರಿಗೂ ಕೇಳುವಂತೆ, "ನಾನ ಹಾಡೀನಿ" ಎಂದರು. ಆಮೇಲೆ ತಾಳ ಎತ್ತಿ ತೋರಿಸಿ, "ಇಂವ ಎಲ್ಲಿ?" ಎಂದು ಕೇಳಿದರು.

ಹೇಳಬೇಕಾಯಿತು. ಅವರು ಹೋಗಿ ಬಹಳ ವರ್ಷವಾಯಿತು, ಮನೆಯಾಕೆ ಇದ್ದಾಳೆ ಎಂದೆ. ಹಾದಿ ನೋಡಿದ್ದನ್ನೂ, ನಮ್ಮ ಓಣಿಗೆ ಬರಲು ನಾಚಿಕೆಯಾಗಿರಬೇಕು ಎಂದದ್ದನ್ನೂ ಮುಚ್ಚಿಡಲಿಲ್ಲ. ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮುತ್ಯಾ ಎರಡೂ ತಾಳಗಳನ್ನು ಒಂದಕ್ಕೊಂದು ಸದ್ದಾಗದ ಹಾಗೆ ಕೂಡಿಸಿ, ಅರಿವೆ ಸುತ್ತಿ, ಗಂಟು ಹಾಕಿದರು. ನಾನು ತೆಗೆದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ. ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕತೊಡಗಿದರು.

"ಯವ್ವಾ, ನೀ ಕಂಡಕ್ಟರ್ ಅಲ್ಲಾ?" ಎಂದರು. "ಮಟಕಿ ಬಸ್ಸು ಎಷ್ಟಕ್ಕ ಅದ?"

ಮೂರೂ ತಾಲ್ಲೂಕಿನ ಎಲ್ಲ ಬಸ್ಸಿನ ವೇಳೆಯೂ ನನಗೆ ಬಾಯಿಪಾಠ. ಆ ಹೊತ್ತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ.